ಕಳುಹಿಸು, ಅಟ್ಟು, ಸಾಗಹಾಕು

೩ ಫೆಬ್ರುವರಿ ೨೦೨೫, ಸೋಮವಾರ, ಸಂಜೆ
ಕುಂದುರ್ಪಿಯ ಶಾಲೆಗೆ ಹೋಗಿ ಬಂದೆ. ನಿವೃತ್ತಿಯಾಗಿ ಹದಿಮೂರು ವರ್ಷ. ವಾರಕ್ಕೆರಡು ದಿನ ಒಂಬತ್ತನೆಯವರಿಗೆ ಪದಪಾಠ. ಉಳಿದಿರುವ ವ್ಯಸನ ಅದೊಂದೇ. ಇಂದಿನ ಪದಗಳು: ಕಳುಹಿಸು, ಅಟ್ಟು, ಸಾಗಹಾಕು. ಮೂರರಲ್ಲೂ ಒಬ್ಬರು ಹೋಗುತ್ತಾರೆ. ಹಿಂದೆ ನಿಂತವರ ಮನಸ್ಸು ಬೇರೆ ಬೇರೆ ಎಂದು ವಿವರಿಸಿದೆ. ಬೈರಣ್ಣನ ಮಗಳು ತನುಜಾ ಬರೆದದ್ದು: 'ಅಪ್ಪ ನನ್ನನ್ನು ಶಾಲೆಗೆ ಕಳುಹಿಸಿದ. ಅಜ್ಜಿ ಕೋಳಿಯನ್ನು ಅಟ್ಟಿದಳು. ಈ ತಿಂಗಳು ನನ್ನನ್ನು ಹಿಂದೂಪುರಕ್ಕೆ ಸಾಗಹಾಕುತ್ತಾರೆ.' ಅರ್ಥಚ್ಛಾಯೆ ಎಷ್ಟು ನಿಖರ! ಕೆಂಪು ಶಾಯಿಯಲ್ಲಿ 'ಅತ್ಯುತ್ತಮ' ಎಂದು ಬರೆದೆ. ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ.

೯ ಫೆಬ್ರುವರಿ, ಭಾನುವಾರ
ಬೈರಣ್ಣ ಬಂದಿದ್ದ, ಲಗ್ನಪತ್ರಿಕೆಯ ಕರಡು ಹಿಡಿದು. ಆಂಧ್ರದ ಈ ಗಡಿ ಸುತ್ತಿನ ಕನ್ನಡ ಲಗ್ನಪತ್ರಿಕೆಗಳೆಲ್ಲ ನನ್ನ ಪೆನ್ಸಿಲು ದಾಟಿಯೇ ಅಚ್ಚಿಗೆ ಹೋಗುವುದು.
"ತೆಲುಗಿನಾಗೆ ಹಾಕ್ಸಿದ್ರೆ ನೀವು ಊಟಕ್ಕೇ ಬರಾಕಿಲ್ವಲ್ಲ ಮೇಷ್ಟ್ರೇ!" ಎಂದು ನಕ್ಕ.
ಮುಹೂರ್ತದ ಸಾಲು ತಿದ್ದಿದೆ. ಹಿಂದೂಪುರದ ಛತ್ರದ ವಿಳಾಸ ತಿದ್ದಿದೆ. ಆಮೇಲೆ ವಧುವಿನ ಹೆಸರು...
"ಬೈರಣ್ಣ, ಅವಳಿಗೆ ಹದಿನಾಲ್ಕು."
"ಹೊರಗಿನೋರಿಗೇನ್ ಕೊಡ್ತಿಲ್ಲ ಮೇಷ್ಟ್ರೇ. ನಮ್ಮಕ್ಕನ ಮಗನೇ."
ಕರಡನ್ನು ಹಿಂದಿರುಗಿಸಿದೆ. ಪೂರ್ತಿ ತಿದ್ದಿ.

೧೦, ಸೋಮವಾರ
ಮುಖ್ಯೋಪಾಧ್ಯಾಯಿನಿ ಇಂದ್ರಾಣಿಯವರಿಗೆ ತಿಳಿಸಿದೆ. ತಕ್ಷಣ ಮೊಬೈಲು ತೆಗೆದರು. "ಮಕ್ಕಳ ಸಹಾಯವಾಣಿಗೆ ಈಗ್ಲೇ ಹೇಳ್ಬುಡ್ತೀನಿ ಸಾರ್."
ತಡೆದೆ. ಬಾಯಿಮಾತಿಗೆ ಬೆಲೆಯಿಲ್ಲ, ಲಿಖಿತವಾಗಿರಲಿ, ನನಗೆ ಬಿಡಿ ಎಂದೆ.
"ಬೇಗ ಸಾರ್. ಇಪ್ಪತ್ತಕ್ಕೆ ಮದ್ವೆ."
ತನುಜಾಳಿಗೂ ಧೈರ್ಯ ಹೇಳಿದೆ.

೧೩, ಗುರುವಾರ
ಮನವಿಯ ಮೂರನೆಯ ಕರಡು. ಒತ್ತಾಯವೋ, ಬಲವಂತವೋ, ನಿರ್ಬಂಧವೋ...
ತನುಜಾ ಬಾಗಿಲ ಬಳಿ ಬಂದು ನಿಂತಳು. "ಬರ್ದಿದ್ದಾಯ್ತಾ ಸಾರ್?"
"ಒಂದು ಪದ ಉಳಿದಿದೆಯಮ್ಮ."

೧೯, ಬುಧವಾರ
ಕಲ್ಯಾಣದುರ್ಗ. ಮಕ್ಕಳ ರಕ್ಷಣಾ ಕಚೇರಿಯ ಗುಮಾಸ್ತ ಸಾಯಿಕುಮಾರ್ ಮನವಿಯ ಮೂರು ಪುಟಗಳನ್ನೂ ತಿರುವಿ ನೋಡಿದ. "ತಾತಾ, ನಾಕು ಕನ್ನಡಂ ರಾದು. ನೋಟಿತೋ ಚೆಪ್ಪಂಡಿ."
ಅವನಿಗೆ ಕನ್ನಡ ಬಾರದು. ಬಾಯಲ್ಲೇ ಹೇಳಿದೆ, ತೆಲುಗಿನಲ್ಲಿ. ಒಂದು ನಿಮಿಷವೂ ಹಿಡಿಯಲಿಲ್ಲ.
"ರೇಪಾ?" — ನಾಳೆಯೇ ಎಂದು ಕೇಳಿ ಎದ್ದೇ ನಿಂತ. ಹಿಂದೂಪುರಕ್ಕೆ ಫೋನು ಮಾಡಿದ. ಅಲ್ಲಿನ ಅಧಿಕಾರಿಗಳು ಬೆಳಿಗ್ಗೆಯೇ ಛತ್ರಕ್ಕೆ ಹೋಗುತ್ತಾರಂತೆ.

೨೦, ಗುರುವಾರ
ಅವರು ತಲುಪಿದ್ದು ಎಂಟಕ್ಕೆ. ಮುಹೂರ್ತ ಐದೂಕಾಲಕ್ಕೆ. ತಾಳಿ ಕಟ್ಟಿಸಿ, ಹುಡುಗಿಯನ್ನು ಎಲ್ಲಿಗೋ ಕರೆದೊಯ್ದಿದ್ದರು. ಎಲ್ಲಿಗೆಂದು ಯಾರೂ ಬಾಯಿ ಬಿಡಲಿಲ್ಲ.
ಮೂರು ಪುಟಗಳಲ್ಲಿ ಎಲ್ಲಿಯೂ ಗಂಟೆಯನ್ನು ನಮೂದಿಸಿರಲಿಲ್ಲ. ಹೇಳಲೂ ಇಲ್ಲ. ಪತ್ರಿಕೆಯಲ್ಲಿ ಆ ಸಾಲನ್ನು ತಿದ್ದಿದ ಕೈ ಇದೇ.

೨೪, ಸೋಮವಾರ
ಇಂದ್ರಾಣಿಯವರು ಹಾಜರಿ ಪುಸ್ತಕ ಮುಂದಿಟ್ಟರು. ಮುಖ ನೋಡಲಿಲ್ಲ.
"ತನುಜಾ ಹೆಸರಿನ ಮುಂದೆ ಏನ್ ಬರೀಲಿ, ನೀವೇ ಹೇಳ್ಬುಡಿ ಸಾರ್. ಗೈರುಹಾಜರಿ ಅನ್ಲಾ? ಶಾಲೆ ಬಿಟ್ಟಳು ಅನ್ಲಾ?"
ಎರಡೂ ಅಲ್ಲ. ಸರಿಯಾದ ಪದ ಅವಳ ನೋಟ್‌ಬುಕ್ಕಿನಲ್ಲಿದೆ. ಅದರ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ, ನಾನು ಬರೆದ 'ಅತ್ಯುತ್ತಮ'.