ಹೊಳೆಯ ಮೇಲಿನ ಕಮಾನು

ಮಾರ್ಚ್ 9, ಸೋಮವಾರ

ಪ್ರೀತಿಯ ಅಮ್ಮನಿಗೆ,

ಕ್ಷೇಮಸಮಾಚಾರ ಆಮೇಲೆ, ಮೊದಲು ಸುದ್ದಿ. ಸೇತುವೆ ನಿಂತಿತು.

ಕಳೆದ ವರ್ಷದ ನೆರೆಯಲ್ಲಿ ನಡುವಿನ ಕಮಾನು ಕುಸಿದಾಗ ಚಹಾತೋಟದ ಮ್ಯಾನೇಜರು ಇಡೀ ಸೇತುವೆಯನ್ನೇ ಕೆಡವಿಸಲು ಹೊರಟಿದ್ದು ನಿನಗೆ ಗೊತ್ತು. ಬಿದ್ದ ಇಟ್ಟಿಗೆಗಳನ್ನೇ ಹೆಕ್ಕಿ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟುತ್ತೇನೆಂದು ನಾನು ಹಟ ಹಿಡಿದೆ. ಅವರದು ಒಂದೇ ಷರತ್ತು: ಆಧಾರದ ಮರ ಬಿಚ್ಚಿದ ದಿನವೇ ಎಲೆ ತುಂಬಿದ ಟ್ರ್ಯಾಕ್ಟರ್ ದಾಟಬೇಕು. ಒಂದು ಇಟ್ಟಿಗೆ ಉದುರಿದರೂ ಬುಲ್ಡೋಜರ್.

ನಿನ್ನೆ ಆ ದಿನ. ಕಮಾನಿನಡಿಯ ಮರದ ಚೌಕಟ್ಟು ಬೆಣೆಗಳ ಮೇಲೆ ನಿಂತಿರುತ್ತದೆ. ಅವನ್ನು ಎರಡೂ ಬದಿಯಿಂದ ಒಟ್ಟಿಗೇ, ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಒಂದು ಬದಿ ಆತುರಪಟ್ಟರೆ ಕಮಾನು ಕೆಟ್ಟಂತೆಯೇ. ಬಡಗಿ ಮಾಮ ಕೂಗಿದ ತಾಳಕ್ಕೆ ಸುತ್ತಿಗೆಗಳು ಬಿದ್ದವು. ನಿನಗೆ ಮಾತು ಕೊಟ್ಟಂತೆ ನಾನು ದಡದಲ್ಲೇ ಇದ್ದೆ. ಕೊನೆಯ ಬೆಣೆ ಸಡಿಲವಾದಾಗ ಕಮಾನು ಒಮ್ಮೆ ನರಳಿ, ಕೂದಲೆಳೆಯಷ್ಟು ಕೂತು, ಸುಮ್ಮನಾಯಿತು. ಸುಣ್ಣದ ಪುಡಿ ಜಾರಿ ಕಣ್ಣಿಗೆ ಬಿತ್ತು.

ಟ್ರ್ಯಾಕ್ಟರ್ ಚಾಲಕ ಮೊದಲು ಹೆಂಡತಿಗೆ ಫೋನ್ ಮಾಡಿ ಬರುತ್ತೇನೆಂದ. ಬಡಗಿ ಮಾಮ, "ಹೆದರ್ಬೇಡಪ್ಪಾ, ಬಿದ್ರೆ ನೀನೊಬ್ನೇ ಅಲ್ಲ, ನಮ್ಮೆಲ್ಲರ ಮರ್ಯಾದೇನೂ ನಿನ್ ಜೊತೆಗೇ ಬೀಳುತ್ತೆ" ಎಂದರು. ಟ್ರ್ಯಾಕ್ಟರ್ ದಾಟಿತು. ಹಿಂದಿರುಗಿ ಮತ್ತೊಮ್ಮೆ ದಾಟಿತು, ಈ ಸಲ ಹಾರ್ನ್ ಹೊಡೆದುಕೊಂಡೇ. ಒಂದು ಚೂರೂ ಉದುರಲಿಲ್ಲ. ಮ್ಯಾನೇಜರು ಬುಲ್ಡೋಜರಿನವನನ್ನು ವಾಪಸು ಕಳಿಸಿದರು.

ಈಗ ನಿನ್ನ ವಿಷಯ. ನೀನು ಎಲೆ ಕೀಳುತ್ತಿದ್ದ ಕಾಲದಲ್ಲಿ ಸೇತುವೆ ಸಾಹೇಬರ ಗಾಡಿಗಳಿಗೆ ಮಾತ್ರ. ಬುಟ್ಟಿ ಹೊತ್ತವರು ಕೆಳಗಿಳಿದು ಹೊಳೆಯಲ್ಲೇ ದಾಟಬೇಕಿತ್ತು. "ಕಟ್ಟಿದ್ದು ನಮ್ಮಜ್ಜ, ದಾಟೋದು ಇನ್ಯಾರೋ" ಅನ್ನುತ್ತಿದ್ದೆ. ಮೊದಲು ನಡೆದು ದಾಟುವವರು ಯಾರೆಂದು ಮ್ಯಾನೇಜರು ಕೇಳಿದಾಗ ನಿನ್ನನ್ನೇ ಹೇಳಿದೆ. ಅಲ್ಲಿಯವರೆಗೆ ಯಾರೂ ಕಾಲಿಡದಂತೆ ಹಗ್ಗ ಕಟ್ಟಿಸಿದ್ದೇನೆ. ಭಾನುವಾರ ಅಣ್ಣನ ಜೊತೆ ಬಾ. ಪೆಟ್ಟಿಗೆಯಲ್ಲಿಟ್ಟಿರುವ ಹೊಸ ಚಪ್ಪಲಿಯನ್ನೇ ಹಾಕಿಕೊ, ಒದ್ದೆಯಾಗುವುದಿಲ್ಲ.

ನಿನ್ನ ಹಟಮಾರಿ,
ಪುಟ್ಟಿ

ಬರೆದ ಮೇಲೆ ಇನ್ನೊಂದು ಮಾತು: ದಡದಲ್ಲಿದ್ದವಳ ಕಣ್ಣಿಗೆ ಕಮಾನಿನ ಸುಣ್ಣ ಹೇಗೆ ಬಿತ್ತೆಂದು ನೀನು ಹೇಗೂ ಕೇಳುತ್ತೀ. ಬೆಣೆ ಬಿಚ್ಚುವಾಗ ಕಟ್ಟಿದವರು ಕೆಳಗೆ ನಿಲ್ಲಬೇಕೆಂಬುದು ನಮ್ಮ ಕಸುಬಿನ ಕ್ರಮ, ನಿಮ್ಮಜ್ಜನೂ ನಿಂತಿದ್ದನಂತೆ. ನಾನು ನಿಂತದ್ದು ಹೊಳೆಯ ನಡುವೆ, ನೀನು ಬುಟ್ಟಿ ಹೊತ್ತು ದಾಟುತ್ತಿದ್ದ ಜಾಗದಲ್ಲೇ. ಬಯ್ಯುವುದಿದ್ದರೆ ಭಾನುವಾರ ಬಯ್ಯು, ಸೇತುವೆಯ ಮೇಲೆ ನಿಂತು.