ಮೂರನೆಯ ನಿರ್ಣಾಯಕರ ಅರವತ್ತೊಂದು

ಸೋಮವಾರ, ಹತ್ತನೇ ತಾರೀಖು
ಶಾಲೆಯ ಸ್ಟಾಫ್ ರೂಮಿನಿಂದ

ಮಾನ್ಯ ಮೂರನೆಯ ನಿರ್ಣಾಯಕರಿಗೆ,

ಹೀಗೆ ಕರೆದದ್ದಕ್ಕೆ ಬೇಜಾರಾಯಿತೇ? ಆಗಲಿ. ಎರಡು ವರ್ಷದಿಂದ ತನ್ನ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೇರೆ ವಾಸವಾಗಿರುವ ಗಂಡನಿಗೆ ನಾನು ಈ ಪತ್ರ ಬರೆಯುತ್ತಿಲ್ಲ. ನಿನ್ನೆ, ಮಕ್ಕಳು ಕಾಲಲ್ಲಿ ತಳ್ಳಿ ಓಡಿಸುವ ಸ್ಕೂಟರ್ ಮೇಲೆ ಕಸರತ್ತು ಮಾಡುವ ಆ ಪಾರ್ಕಿನಲ್ಲಿ, ಕುತ್ತಿಗೆಗೆ ಬ್ಯಾಡ್ಜ್ ತೂಗುಹಾಕಿಕೊಂಡು, ದೊಡ್ಡ ಕೊಡೆಯ ಕೆಳಗೆ ಕೂತು, ನನ್ನ ಮಗಳಿಗೆ ನೂರಕ್ಕೆ ಅರವತ್ತೊಂದು ಕೊಟ್ಟ ಮಹಾನುಭಾವರಿಗೆ ಬರೆಯುತ್ತಿದ್ದೇನೆ. ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮ ಕೇಳುವಷ್ಟು ಸಮಾಧಾನ ನನಗಿನ್ನೂ ಬಂದಿಲ್ಲ.

ಮೊದಲು ಲೆಕ್ಕ ಮುಗಿಸೋಣ, ಗಣಿತದ ಮೇಡಂ ಅಲ್ಲವೇ ನಾನು. ಗಡ್ಡದ ನಿರ್ಣಾಯಕರು ಎಂಬತ್ತನಾಲ್ಕು ಕೊಟ್ಟರು, ಮುಖ್ಯ ನಿರ್ಣಾಯಕಿ ಎಂಬತ್ತಮೂರು, ನೀವು ಅರವತ್ತೊಂದು. ಸರಾಸರಿ ಎಪ್ಪತ್ತಾರು. ಆರನೆಯ ಸ್ಥಾನ ಪಡೆದ ಹುಡುಗಿಯದು ಎಪ್ಪತ್ತೇಳು. ಮುಂದಿನ ಭಾನುವಾರದ ಫೈನಲ್‌ಗೆ ಆರೇ ಜನ, ನಮ್ಮ ಬುಗುರಿ ಏಳನೆಯವಳು. ನೀವು ಜುಗ್ಗತನ ಮಾಡಿಕೊಂಡೇ ಅರವತ್ತೈದು ಕೊಟ್ಟಿದ್ದರೂ ಅವಳು ಒಳಗೆ ಹೋಗುತ್ತಿದ್ದಳು. ಐದು ಜನ ನಿರ್ಣಾಯಕರಿದ್ದರೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕುತ್ತಾರಂತೆ. ಮೂವರೇ ಇದ್ದಾಗ ಆ ದಾರಿಯೂ ಇಲ್ಲ.

ಈ ಆಟದಲ್ಲಿ ಅಂಕ ಹೇಗೆ ಹಾಕುತ್ತಾರೆಂದು ಇವಳಿಗೇನು ಗೊತ್ತು ಅಂದುಕೊಳ್ಳಬೇಡಿ. ಮದುವೆಯಾದ ಹೊಸತರಲ್ಲಿ ಊಟದ ಮೇಜಿನ ಮೇಲೆ ಚಮಚ ತಿರುಗಿಸಿ ತಿರುಗಿಸಿ ನನ್ನ ತಲೆ ತಿಂದವರು ನೀವೇ. ಒಬ್ಬೊಬ್ಬರಿಗೂ ಒಂದು ನಿಮಿಷ, ಎರಡು ಅವಕಾಶ, ಎರಡರಲ್ಲಿ ಉತ್ತಮವಾದದ್ದು ಲೆಕ್ಕಕ್ಕೆ. ಕಸರತ್ತು ಎಷ್ಟು ಕಷ್ಟದ್ದು, ಎಷ್ಟು ಬಗೆಯದು, ಇಳಿಯುವಾಗ ಕಾಲು ನೆಲಕ್ಕೆ ತಾಗಿತೇ, ಪಾರ್ಕಿನ ಮೂಲೆಮೂಲೆಯನ್ನೂ ಬಳಸಿದರೇ, ನಡುವೆ ಓಟ ಮುರಿಯಿತೇ, ಇಷ್ಟನ್ನೂ ನೋಡಬೇಕು. ಒಮ್ಮೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದರೆ ಅಂಕವಿಲ್ಲ. ಆದರೆ ಅದನ್ನೇ ಎದುರು ದಿಕ್ಕಿಗೆ ಮಾಡಿದರೆ ಬೇರೆಯದೇ ಕಸರತ್ತು. ಬಲಕ್ಕೆ ಪಳಗಿದ ಮೈ ಎಡಕ್ಕೆ ಮೊದಲಿನಿಂದ ಕಲಿಯಬೇಕಾಗುತ್ತದೆ ಅಂತ ನೀವೇ ಹೇಳಿಕೊಟ್ಟ ಪಾಠ.

ಈಗ ನಿಮ್ಮ ಅಂಕಪಟ್ಟಿಗೆ ಬರುತ್ತೇನೆ. ಕೇಳಿದ ಪೋಷಕರಿಗೆ ತೋರಿಸುವ ನಿಯಮವಿದೆ, ನಾನು ಕೇಳಿದೆ, ಮುಖ್ಯ ನಿರ್ಣಾಯಕಿ ತೋರಿಸಿದರು. ಎರಡನೆಯ ಅವಕಾಶದ ನಲವತ್ತನೇ ಸೆಕೆಂಡಿನಲ್ಲಿ ನಿಮ್ಮ ಮುದ್ದಾದ ಅಕ್ಷರಗಳಲ್ಲಿ ಬರೆದಿದೆ: ದೊಡ್ಡ ರ‍್ಯಾಂಪ್, ಟೇಲ್‌ವಿಪ್, ಪುನರಾವರ್ತನೆ, ಅಂಕವಿಲ್ಲ. ಓದಿ ನನ್ನ ಮೈ ಉರಿದುಹೋಯಿತು. ಹ್ಯಾಂಡಲ್ ಹಿಡಿದು ಮೇಲೆ ಹಾರಿ, ಕಾಲ ಕೆಳಗಿನ ಹಲಗೆಯನ್ನು ಒದ್ದು, ಅದು ಪೂರ್ತಿ ಒಂದು ಸುತ್ತು ಸುತ್ತಿ ಬಂದಾಗ ಮತ್ತೆ ಅದರ ಮೇಲೆ ಪಾದ ಊರುವುದು ಟೇಲ್‌ವಿಪ್. ಅದೇ ಅವಕಾಶದಲ್ಲಿ ಮೊದಲು ಸಣ್ಣ ರ‍್ಯಾಂಪಿನಲ್ಲಿ ಮಾಡಿದಾಗ ಹಲಗೆ ಬಲಕ್ಕೆ ಸುತ್ತಿತು. ದೊಡ್ಡದರಲ್ಲಿ ಎಡಕ್ಕೆ. ಗಡ್ಡದವರ ಪಟ್ಟಿಯಲ್ಲಿ "ಎಡಕ್ಕೆ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಇನ್ನೊಂದು ಹುಡುಗಿಯ ಅಪ್ಪ ತೆಗೆದ ವಿಡಿಯೊದಲ್ಲೂ ಕನ್ನಡಿಯಷ್ಟು ಸ್ಪಷ್ಟವಾಗಿದೆ. ಆ ಎಡ ಸುತ್ತಿಗಾಗಿ ಅವಳು ಒಂದು ವರ್ಷ ಒಳಾಂಗಣದಲ್ಲಿ ದಪ್ಪ ಮ್ಯಾಟಿನ ಮೇಲೆ ಬಿದ್ದೆದ್ದಿದ್ದಾಳೆ. ನಾನು ಹೊರಗಿನ ಬೆಂಚಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಾ ದಬ್ ದಬ್ ಸದ್ದು ಕೇಳಿದ್ದೇನೆ. ಅಪ್ಪನಿಗೆ ಹೇಳಬೇಡ, ಸ್ಪರ್ಧೆಯ ದಿನವೇ ನೋಡಲಿ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಳು.

ನೀವು ನೋಡಿದರೆ ತಾನೇ!

ತಪ್ಪಾಗಿ ನೋಡಿದಿರಿ ಅಂತ ನಾನು ಹೇಳುತ್ತಿಲ್ಲ. ನೀವು ನೋಡಲೇ ಇಲ್ಲ. ಅವಳು ದೊಡ್ಡ ರ‍್ಯಾಂಪಿನತ್ತ ತಿರುಗಿದಾಗಿನಿಂದ ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳುವವರೆಗೂ ನಿಮ್ಮ ಎರಡೂ ಕಣ್ಣು ಮುಚ್ಚಿದ್ದವು. ಪೆನ್ನನ್ನು ಮುರಿಯುವ ಹಾಗೆ ಹಿಡಿದುಕೊಂಡಿದ್ದಿರಿ. ಸದ್ದು ಕೇಳಿದ ಮೇಲೆ ಕಣ್ಣು ಬಿಟ್ಟು, ಅವಳು ನಿಂತಿರುವುದನ್ನು ಕಂಡು, ಹಿಂದಿನದನ್ನೇ ಮಾಡಿರಬೇಕೆಂದು ಊಹಿಸಿ ಬರೆದುಬಿಟ್ಟಿರಿ. ಎರಡು ವರ್ಷದ ಹಿಂದೆ ನೀವು ಹೇಳಿಕೊಡುತ್ತಿದ್ದಾಗ ಅವಳು ಬಿದ್ದು ಮುಂಗೈ ಮುರಿದುಕೊಂಡದ್ದು ಅದೇ ರ‍್ಯಾಂಪಿನಲ್ಲಿ, ನಿಜ. ಅದಾದ ಮೇಲೆ ನೀವು ಮನೆ ಬಿಟ್ಟು ಅಂಗಡಿ ಸೇರಿದ್ದೂ ನಿಜ. ಆ ಮಾತು ಈ ಪತ್ರದಲ್ಲಿ ಬೇಡ. ಹೆದರಿಕೆಯಾದರೆ ಹೆದರಿಕೆಯಾಯಿತು ಅನ್ನಿ. ಕಾಣದ್ದನ್ನು ಕಂಡೆ ಅಂತ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನನ್ನದೂ ಅಂಕ ಹಾಕುವ ಕೆಲಸವೇ. ಉತ್ತರಪತ್ರಿಕೆಯಲ್ಲಿ ಎರಡು ಹಾಳೆ ಅಂಟಿಕೊಂಡಿದ್ದರೆ ಉಗುರಿನಿಂದ ಬಿಡಿಸಿ ನೋಡುತ್ತೇನೆ. ಓದದ ಪುಟಕ್ಕೆ ಸೊನ್ನೆ ಸುತ್ತಿದ್ದು ಗೊತ್ತಾದರೆ ಮುಖ್ಯೋಪಾಧ್ಯಾಯರು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಾರೆ. ನಿಮ್ಮನ್ನು ಕೇಳುವವರು ಯಾರು?

ಕೇಳುವುದು ಹಾಗಿರಲಿ, ಹೊಗಳಿದರು. ಫಲಿತಾಂಶ ಹಾಕಿದ ಬೋರ್ಡಿನ ಮುಂದೆ ಆರನೆಯ ಹುಡುಗಿಯ ಅಮ್ಮ ನನ್ನ ಕೈ ಹಿಡಿದುಕೊಂಡು, "ಎಂಥಾ ನ್ಯಾಯವಂತರು ಕಣ್ರೀ ನಿಮ್ಮನೆಯವ್ರು! ಸ್ವಂತ ಮಗಳಿಗೂ ಒಂದಂಕ ಬಿಟ್ಟುಕೊಡ್ಲಿಲ್ಲ" ಅಂದರು. ಬರಬೇಕಿದ್ದ ಇನ್ನೊಬ್ಬ ನಿರ್ಣಾಯಕರು ಜ್ವರದಿಂದ ಮಲಗಿದ್ದಕ್ಕೆ ನಿಮ್ಮನ್ನು ಕೂರಿಸಿದರೆಂದು ನನಗೆ ಗೊತ್ತು. ನನ್ನ ಮಗಳು ಸ್ಪರ್ಧೆಯಲ್ಲಿದ್ದಾಳೆ, ನಾನು ಕೂರುವುದಿಲ್ಲ ಅಂತ ನೀವು ಎರಡು ಸಲ ಹೇಳಿದ್ದನ್ನೂ ಕೇಳಿಸಿಕೊಂಡೆ. ಇಲ್ಲದಿದ್ದರೆ ಸ್ಪರ್ಧೆಯೇ ರದ್ದು ಅಂದಾಗ ಪೋಷಕರೆಲ್ಲ ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಿದರು. ನಾನೂ ಹಾಕಿದೆ, ನನ್ನ ಬುದ್ಧಿಗಿಷ್ಟು. ಇಷ್ಟೆಲ್ಲ ಆದ ಮೇಲೆ ಆ ಹೊಗಳಿಕೆಯನ್ನು ನೀವು ತಲೆ ತಗ್ಗಿಸಿ, ಕೈಮುಗಿದು ಸ್ವೀಕರಿಸುತ್ತಾ ನಿಂತಿದ್ದಿರಲ್ಲ, ಅದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ. ನಿಮ್ಮ ಅರವತ್ತೊಂದರಲ್ಲಿ ನ್ಯಾಯ ಎಲ್ಲಿತ್ತು ಸ್ವಾಮಿ?

ಇದಕ್ಕಿಂತ ದೊಡ್ಡ ಸಂಕಟ ಮನೆಯಲ್ಲಿದೆ. ಬುಗುರಿ ಅತ್ತಿದ್ದರೆ, ಹೆಲ್ಮೆಟ್ ಎಸೆದಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವಳಿಗೆ ನಿಮ್ಮ ಮೇಲೆ ಸಿಟ್ಟೇ ಇಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಅಪ್ಪಂಗೆ ಅದು ಬೇರೆ ಥರ ಕಾಣಿಸ್ಲಿಲ್ಲ ಅಂದ್ರೆ ನಾನೇ ಸರಿಯಾಗ್ ಮಾಡಿಲ್ಲ ಅಂತ. ಅಪ್ಪಂಗಿಂತ ಚೆನ್ನಾಗ್ ಯಾರ್ ನೋಡ್ತಾರೆ?" ಅಂದಳು. ವಿಡಿಯೊ ತೋರಿಸಿದೆ. ಅದರಲ್ಲೂ ತನ್ನ ತಪ್ಪನ್ನೇ ಹುಡುಕಿದಳು, ಭುಜ ವಾಲಿದೆಯಂತೆ, ಮೊಣಕಾಲು ತಡವಾಗಿ ಮಡಚಿದೆಯಂತೆ. ಇವತ್ತು ಬೆಳಿಗ್ಗೆ ಅಭ್ಯಾಸಕ್ಕೆ ಹೊರಟಾಗ ಎಡ ಸುತ್ತನ್ನು ಬಿಟ್ಟುಬಿಡುತ್ತೇನೆ ಅಂದಳು. ಹದಿಮೂರು ವರ್ಷದ ಮಗು ತನಗೆ ಬರುವ ವಿದ್ಯೆಯನ್ನೇ ತನಗೆ ಬರುವುದಿಲ್ಲ ಅಂತ ನಂಬಿಕೊಂಡು ಕೂತಿದೆ. ಫೈನಲ್ ಹೋದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಇದನ್ನು ನಾನು ಹೇಗೆ ಸರಿಮಾಡಲಿ?

ನಾನು ಸರಿಮಾಡಲಾರೆ. ನೀವೇ ಮಾಡಬೇಕು. ಪೋಷಕರ ದೂರಿನಿಂದ ಅಂಕ ಬದಲಾಗುವುದಿಲ್ಲವಂತೆ. ನಿರ್ಣಾಯಕರೇ ಬುಧವಾರ ಸಂಜೆಯೊಳಗೆ ತಮ್ಮ ತಪ್ಪನ್ನು ಬರೆದುಕೊಟ್ಟರೆ ಮೂವರೂ ಕೂತು ವಿಡಿಯೊ ನೋಡಿ ಮತ್ತೆ ಅಂಕ ಹಾಕುತ್ತಾರಂತೆ. "ಬಿಸಿಲಿಗೆ ಕಣ್ಣು ಕುಕ್ಕಿತು, ಪೆನ್ನು ಕೈಜಾರಿತು" ಅಂತೆಲ್ಲ ಬರೆಯಬೇಡಿ. ಕಣ್ಣು ಮುಚ್ಚಿಕೊಂಡಿದ್ದೆ, ನೋಡಲಿಲ್ಲ, ನೋಡದೆ ಬರೆದೆ, ಇಷ್ಟೇ ಬರೆಯಿರಿ. ಬ್ಯಾಡ್ಜ್ ಕಿತ್ತುಕೊಳ್ಳುತ್ತಾರೆ, ಇನ್ನು ಯಾವ ಪಾರ್ಕಿನಲ್ಲೂ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸುವುದಿಲ್ಲ, ಗೊತ್ತು. ಆ ಕುರ್ಚಿಗಾಗಿ ಹತ್ತು ವರ್ಷ ಎಷ್ಟು ಓಡಾಡಿದ್ದೀರೆಂದು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಆದರೂ ಕೇಳುತ್ತಿದ್ದೇನೆ. ಅದರ ಒಂದು ಪ್ರತಿಯನ್ನು ಬುಗುರಿಗೂ ಕಳಿಸಿ. ಅದನ್ನು ಓದಿದರೆ ಅವಳು ತನ್ನ ಎಡ ಸುತ್ತನ್ನು ನಂಬುತ್ತಾಳೆ.

ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ತರಗತಿಗೆ ಹೋಗಬೇಕು.

ಇಂತಿ,
ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಿ ಕೈ ಕೈ ಹಿಸುಕಿಕೊಳ್ಳುತ್ತಿರುವ,
ಬುಗುರಿಯ ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮಧ್ಯಾಹ್ನ ಮತ್ತೆ ಹರಿದಿದ್ದೇನೆ. ಓದಿ ಮುಗಿಸಿದ ಕೂಡಲೇ ನೀವು ಒಂದು ಪ್ರಶ್ನೆ ಕೇಳುತ್ತೀರಿ: ಮಗಳು ಗಾಳಿಯಲ್ಲಿದ್ದಾಗ ನನ್ನ ಕಣ್ಣು ಮುಚ್ಚಿದ್ದು ನಿನಗೆ ಹೇಗೆ ಕಾಣಿಸಿತು, ನೀನು ಎತ್ತ ನೋಡುತ್ತಿದ್ದೆ ಅಂತ. ನಿಮ್ಮನ್ನೇ ನೋಡುತ್ತಿದ್ದೆ. ಅವಳು ಆ ರ‍್ಯಾಂಪಿನತ್ತ ತಿರುಗಿದಳು ನೋಡಿ, ನನಗೂ ಅತ್ತ ನೋಡುವ ಧೈರ್ಯ ಬರಲಿಲ್ಲ. ಅವಳು ಬಿದ್ದಳೋ ನಿಂತಳೋ ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ ಅಂದುಕೊಂಡೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ವರಾಂಡದಲ್ಲಿ "ಇನ್ನೊಂದ್ಸಲ ಅವಳಿಗೇನಾದ್ರೂ ಆದ್ರೆ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ" ಅಂದವಳು ನಾನು. ನಿನ್ನೆ ನಿಮ್ಮ ಕಣ್ಣು ಮುಚ್ಚಿಸಿದ್ದು ಆ ಮಾತೇ ಅಂತ ಗೊತ್ತಿದ್ದೂ ಮೇಲೆ ಅಷ್ಟುದ್ದ ಬೈದೆ. ವಿಡಿಯೊ ಬಿಟ್ಟರೆ ಆ ಎಡ ಸುತ್ತನ್ನು ನಾನೂ ನೋಡಿಲ್ಲ. ಅಮ್ಮನಾದರೂ ಕಣ್ಣಾರೆ ನೋಡಿದಳು ಅಂತ ಅವಳು ಅಂದುಕೊಂಡಿದ್ದಾಳೆ. ನೀವು ಬರೆಯುವುದನ್ನು ಬರೆಯಿರಿ. ನನ್ನ ಪಾಲಿನದನ್ನು ನಾನು ಇವತ್ತು ಸಂಜೆ ಅವಳಿಗೆ ಹೇಳುತ್ತೇನೆ.