ಕಾಪು ದೀಪಸ್ತಂಭದ ಮೇಲೆ ಅರ್ಧಕ್ಕೆ ನಿಂತ ಮಾತು

ಅಳದಂಗಡಿ,
ಜನವರಿ ೧೩, ೨೦೨೫

ಪ್ರೀತಿಯ ಶೋಧನ್ ಅವರಿಗೆ (ಪ್ರೀತಿ ಎಂದು ಬರೆಯುವಾಗ ಕೈ ತಡೆಯಿತು, ಆದರೂ ಇರಲಿ),

ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ನಿಮಗಿಂತ ಮೊದಲು ನಿಮ್ಮ ಅಕ್ಕ ಓದಿ ಉತ್ತರಿಸುತ್ತಾರೆ. ಹಾಗಾಗಿ ಈ ಕಾಗದ. ದಯವಿಟ್ಟು ಇದನ್ನೂ ಚಾವಡಿಯಲ್ಲಿ ಕುಳಿತು ಗಟ್ಟಿಯಾಗಿ ಓದಬೇಡಿ.

ನಿನ್ನೆ ಕಾಪು ದೀಪಸ್ತಂಭಕ್ಕೆ ಹೋಗುವ ಎಂದವಳು ನಾನೇ. ತಿಂಗಳ ಕೊನೆಗೆ ಎರಡೂ ಮನೆಯ ಹಿರಿಯರು ಕುಳಿತು ನಮ್ಮ ಮದುವೆ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದಾರೆ. ಅದಕ್ಕೆ ಮೊದಲು ನಾವಿಬ್ಬರೇ ಒಮ್ಮೆ ಮಾತಾಡಬೇಕೆಂದು ಆಸೆಪಟ್ಟೆ. ಇಸ್ತ್ರಿ ಸೀರೆ ಉಟ್ಟು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಬಿ.ಸಿ.ರೋಡಿನಿಂದ ನಿಮ್ಮ ಕಾರು ಬಂತು. ಮುಂದಿನ ಸೀಟಿನಲ್ಲಿ ನಿಮ್ಮ ಸೋದರಮಾವ ಶೀನಪ್ಪ! ಹಿಂದೆ ನಿಮ್ಮ ಅಮ್ಮ ಜಲಜಾಕ್ಷಿ ಮಾಮಿ, ತೊಡೆಯ ಮೇಲೆ ಮೂಡೆ ಕಡುಬಿನ ಪಾತ್ರೆ ಇಟ್ಟುಕೊಂಡು. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನೊಡನೆ ಮಾತಾಡಲು ಹೊರಟವಳು ದಾರಿಯುದ್ದಕ್ಕೂ ಮಾವನ ಸೊಂಟನೋವಿನ ಕಥೆ ಕೇಳಿದೆ. ನೀವು ಕನ್ನಡಿಯಲ್ಲಿ ಕೂಡ ನನ್ನತ್ತ ನೋಡಲಿಲ್ಲ.

ಕಡಲು ಇಳಿದಿತ್ತು. ಬಂಡೆಗಳಿಗೆ ಅಂಟಿದ, ಸಾರಿಗಾಗುವ ಪಚ್ಚಿಲೆ ಚಿಪ್ಪುಗಳನ್ನು ಕಂಡದ್ದೇ ತಡ, ಮಾಮಿ ಸೀರೆ ಎತ್ತಿಕಟ್ಟಿ, ಅವನ್ನು ಕೀಳಲು ಕಾರಿನ ಸ್ಕ್ರೂಡ್ರೈವರ್ ಹಿಡಿದು, ಬೇಡ ಬೇಡ ಎನ್ನುತ್ತಿದ್ದ ಮಾವನನ್ನೂ ಎಳೆದುಕೊಂಡು ಅತ್ತ ನಡೆದರು. ಅವರ ಕಾಲಸದ್ದಿಗೆ ಏಡಿಗಳೆಲ್ಲ ಬಿರುಕಿನೊಳಗೆ ಅಡಗಿದವು. ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಬ್ರಿಟಿಷರ ಕಾಲದ ಆ ಮೆಟ್ಟಿಲುಗಳನ್ನು ನಿಮ್ಮ ಹಿಂದೆ ಹತ್ತುತ್ತಾ ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೇಲೆ ಹೋಗಿ ನಿಂತದ್ದಷ್ಟೆ, ನೀವು ನನ್ನ ಮೊಣಕೈ ಹಿಡಿದಿರಿ. ಬಿಳಿ ಹೊಟ್ಟೆಯ ಕಡಲ ಹದ್ದೊಂದು ಕಾಲಿನಲ್ಲಿ ಮೀನು ಹಿಡಿದು ನಮ್ಮೆದುರೇ ಹಾದುಹೋಯಿತು. ಅದನ್ನು ಕಸಿಯಲು ಎರಡು ಗರುಡ ಬೆನ್ನು ಹತ್ತಿದ್ದವು. “ನೋಡು ಮಾರಾಯ್ತಿ, ಅದು ಬಿಡುವುದೇ ಇಲ್ಲ” ಎಂದಿರಿ. ನಾನು ತವರಿಗೆ ಬಂದ ಎಂಟು ತಿಂಗಳ ಬಳಿಕ ಗಂಡ ತಾನಾಗಿ ಆಡಿದ ಮೊದಲ ಮಾತು ಹದ್ದಿನ ಬಗ್ಗೆ! ಆದರೂ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಧೈರ್ಯದಲ್ಲೇ ಕೇಳಿದೆ, ರಜೆ ಮುಗಿಸಿ ದುಬೈಯ ಕೆಲಸಕ್ಕೆ ಮರಳುವಾಗ ನನ್ನನ್ನು ಕರೆದುಕೊಂಡು ಹೋಗುತ್ತೀರಾ ಎಂದು. ಮದುವೆಯಾದಂದಿನಿಂದ ಇದಕ್ಕೆ ನಿಮ್ಮದು ಒಂದೇ ಉತ್ತರ, ಅಮ್ಮನಿಗೆ ಮನಸ್ಸಿಲ್ಲ. ಆ ಸಿಟ್ಟಿಗೇ ನಾನು ತವರಿಗೆ ಬಂದು ಕುಳಿತದ್ದು. ಅಮ್ಮನ ಮನಸ್ಸು ಬೇಡ, ನಿಮ್ಮದು ಹೇಳಿ ಎಂದೆ. ನೀವು “ನನಗೆ...” ಎಂದು ಶುರುಮಾಡಿದಿರಿ. ಅಷ್ಟರಲ್ಲಿ ಕೆಳಗಿನ ಬಂಡೆಯಿಂದ ಮಾಮಿ ಕೈ ಬೀಸಿದರು. “ಅಮ್ಮ ಕರೀತಾರೆ, ಈಗ ಬರ್ತೇನೆ” ಎಂದು ಇಳಿದೇಬಿಟ್ಟಿರಿ.

ನಾನು ಕಂಬಿ ಹಿಡಿದು ಕಾದೆ. ಕೆಳಗೆ ನೀವು ಪಚ್ಚಿಲೆಯ ಚೀಲ ಹಿಡಿದು ನಿಂತಿದ್ದಿರಿ, ಒಮ್ಮೆಯೂ ತಲೆ ಎತ್ತಲಿಲ್ಲ. ಕೊನೆಗೆ ಕಾವಲುಗಾರ ಬಂದು, “ಸಮಯ ಆಯ್ತು ಅಕ್ಕ, ಇಳೀರಿ” ಎಂದ. ಅವನೆದುರು ಕಣ್ಣೀರು ಬಂದದ್ದಕ್ಕೆ ಕಡಲ ಗಾಳಿಯ ನೆಪ ಹೇಳಬೇಕಾಯಿತು. ಎಂಥ ಮನುಷ್ಯ ಮಾರಾಯ್ರೆ ನೀವು! ಬೇಡ ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಈ “ನನಗೆ” ಎಂಬುದನ್ನು ಕಟ್ಟಿಕೊಂಡು ನಾನು ಏನು ಮಾಡಲಿ?

ಹಿರಿಯರು ಕೂರುವ ಮೊದಲು ಅಳದಂಗಡಿಗೆ ಬನ್ನಿ. ಒಬ್ಬರೇ ಬನ್ನಿ. ಬಾರದಿದ್ದರೆ ಅದನ್ನೇ ಉತ್ತರ ಎಂದುಕೊಳ್ಳುತ್ತೇನೆ.

ಸಿಟ್ಟಿನಲ್ಲಿರುವ, ಆದರೆ ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ದೀಕ್ಷಿತಾ

ಮರೆತ ಮಾತು: ವಾಪಸು ಬರುವಾಗ ಮೂಡುಬಿದಿರೆಯಲ್ಲಿ ಮಾಮಿ ಅರ್ಧ ಪಚ್ಚಿಲೆಯನ್ನು ನನ್ನ ಚೀಲಕ್ಕೆ ಸುರಿದರಲ್ಲ, ಆಗ ಕಿವಿಯಲ್ಲಿ ಹೇಳಿದ್ದನ್ನು ನಿಮಗೆ ಹೇಳಬಾರದೆಂದಿದ್ದೆ. ಬರುವುದಿಲ್ಲ ಎಂದ ಅವರನ್ನೂ ಮಾವನನ್ನೂ ಕಾಡಿ ಬೇಡಿ ಕಾರು ಹತ್ತಿಸಿದ್ದು ನೀವೇ ಅಂತೆ. “ನಿನ್ನನ್ನು ಕರ್ಕೊಂಡು ಹೋಗ್ಬೇಡ ಅಂತ ನಾನು ಯಾವಾಗ ಹೇಳಿದ್ದು ಮಗಾ?” ಎಂದು ನನ್ನನ್ನೇ ಕೇಳಿದರು. ಮಾವನನ್ನು ಎಳೆದುಕೊಂಡು ಪಚ್ಚಿಲೆಗೆ ಹೋದದ್ದು ನಮ್ಮಿಬ್ಬರನ್ನೇ ಮಾತಾಡಲು ಬಿಡಲಿಕ್ಕಂತೆ. ಮತ್ತೆ, ಆ ಕೈ ಬೀಸಿದ್ದು ನಿಮ್ಮನ್ನು ಕರೆಯಲಿಕ್ಕೆ ಅಲ್ಲ ಶೋಧನ್. ಇಳಿಯಬೇಡ, ಅಲ್ಲೇ ಇರು ಎನ್ನಲಿಕ್ಕೆ.